ಬೋಳು ಮಚ್ಚೆಗೆ ಮಾತ್ರೆ: ಶುರು ಮಾಡುವ ಮುನ್ನ ನಿಲ್ಲಿಸುವ ಮಾತು

ಕ್ಷೌರದಂಗಡಿಯವರು ಹಿಂದಿನಿಂದ ಕನ್ನಡಿ ಹಿಡಿದು, "ಅಣ್ಣಾ, ಇಲ್ಲಿ ಹುಳ ತಿಂದಂಗೈತೆ ನೋಡಿ" ಎಂದಾಗಲೇ ಅನೇಕ ಗಂಡಸರಿಗೆ ಈ ಕಾಯಿಲೆ ಗೊತ್ತಾಗುವುದು. ಹೆಂಗಸರಾದರೆ ತಲೆ ಬಾಚುವ ತಾಯಿಯೋ ಅಕ್ಕನೋ ಮೊದಲು ಗುರುತಿಸುತ್ತಾರೆ. ನಾಣ್ಯದಷ್ಟು ಅಗಲದ ಒಂದು ಮಚ್ಚೆ. ಅಲ್ಲಿ ಚರ್ಮ ನುಣುಪಾಗಿರುತ್ತದೆ. ಸಾಮಾನ್ಯವಾಗಿ ನೋವಾಗಲಿ, ಹೊಟ್ಟಾಗಲಿ, ಗಾಯವಾಗಲಿ ಇರುವುದಿಲ್ಲ. ಕೂದಲು ಮಾತ್ರ ಇಲ್ಲ.

ಹಾಸನಕ್ಕೆ ಸಮೀಪದ ಕೊರವಂಗಲದಲ್ಲಿ ಇಪ್ಪತ್ತೆಂಟು ವರ್ಷದ ಹೆಣ್ಣುಮಗಳೊಬ್ಬಳು ಇದ್ದಾಳೆ ಎಂದುಕೊಳ್ಳೋಣ. ಒಂದು ಮಚ್ಚೆ ನಾಲ್ಕಾಗಿ, ವರ್ಷ ಕಳೆಯುವುದರೊಳಗೆ ತಲೆಯ ಅರ್ಧಕ್ಕಿಂತ ಹೆಚ್ಚು ಭಾಗ ಬರಿದಾಗಿದೆ. ಹುಬ್ಬೂ ತೆಳುವಾಗಿದೆ. ಬೆಳ್ಳುಳ್ಳಿ ಉಜ್ಜಿದ್ದಾಯಿತು, ಹರಕೆ ಹೊತ್ತದ್ದಾಯಿತು. ಮದುವೆ ಮನೆಯಲ್ಲಿ ಯಾರೋ "ತಿರುಪತಿಗೆ ಹೋಗಿದ್ಯೇನಮ್ಮ?" ಎಂದು ಕೇಳಿದ ಮೇಲೆ ಆಕೆ ಹೊರಗೆ ಹೊರಡುವುದನ್ನೇ ಬಿಟ್ಟಿದ್ದಾಳೆ. ಈಗ ಚರ್ಮವೈದ್ಯರು ಹೊಸ ಮಾತ್ರೆಯೊಂದರ ಹೆಸರು ಹೇಳಿದ್ದಾರೆ. ಮನೆಯವರ ಮೊದಲ ಪ್ರಶ್ನೆ: "ಡಾಕ್ಟ್ರೇ, ಎಷ್ಟು ತಿಂಗಳು ತಗೋಬೇಕು?"

ಈ ಪ್ರಶ್ನೆಗೆ ಕಳೆದ ಕೆಲವು ವರ್ಷಗಳ ಸಂಶೋಧನೆ ಏನು ಉತ್ತರ ಕೊಟ್ಟಿದೆ ಎಂಬುದೇ ಈ ವಾರದ ವಿಷಯ.

ಹುಳವೂ ಅಲ್ಲ, ಕುಷ್ಠವೂ ಅಲ್ಲ

ಈ ಕಾಯಿಲೆಯ ವೈದ್ಯಕೀಯ ಹೆಸರು ಅಲೋಪೇಶಿಯ ಏರಿಯಾಟ. ನಮ್ಮ ಹಳೆಯ ವೈದ್ಯಗ್ರಂಥಗಳಲ್ಲಿ ಇದನ್ನು ಹೋಲುವ ಲಕ್ಷಣಗಳಿಗೆ ಇಂದ್ರಲುಪ್ತ ಎಂಬ ಹೆಸರಿದೆ. ನೂರು ಜನರಲ್ಲಿ ಸುಮಾರು ಇಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಕಾಣಿಸಿಕೊಳ್ಳಬಹುದು. ಹೆಚ್ಚಿನವರಲ್ಲಿ ಒಂದೆರಡು ಮಚ್ಚೆಗಳಿಗೇ ನಿಲ್ಲುತ್ತದೆ. ಕೆಲವರಲ್ಲಿ ಇಡೀ ತಲೆ, ಅಪರೂಪಕ್ಕೆ ಮೈಮೇಲಿನ ಎಲ್ಲ ಕೂದಲೂ ಉದುರುತ್ತದೆ.

ಇದಕ್ಕೆ ಹುಳ ಕಾರಣವಲ್ಲ. ಇದು ಅಂಟುವುದಿಲ್ಲ, ಬಾಚಣಿಗೆ, ಟವೆಲು, ದಿಂಬಿನಿಂದ ಹರಡುವುದಿಲ್ಲ. ಹುಬ್ಬು ಉದುರಿದ ಕೂಡಲೇ ಕುಷ್ಠವೆಂದು ಹೆದರುವವರಿದ್ದಾರೆ. ಕುಷ್ಠದಲ್ಲಿಯೂ ಹುಬ್ಬು ಉದುರಬಹುದು ನಿಜ. ಆದರೆ ಅಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗುವುದು, ನರ ದಪ್ಪವಾಗುವುದು ಮುಂತಾದ ಬೇರೆ ಲಕ್ಷಣಗಳೂ ಸಾಮಾನ್ಯವಾಗಿ ಇರುತ್ತವೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ತಲೆಯ ಹುಳುಕಡ್ಡಿಯಲ್ಲಿ ಹೊಟ್ಟು, ತುರಿಕೆ, ಮುರಿದ ಕೂದಲು ಇರುತ್ತವೆ. ಈ ವ್ಯತ್ಯಾಸಗಳನ್ನು ಚರ್ಮವೈದ್ಯರು ಭೂತಗಾಜಿನಂಥ ಉಪಕರಣದಿಂದ ನೋಡಿಯೇ ಬಹುಮಟ್ಟಿಗೆ ಹೇಳಬಲ್ಲರು.

ಬೇರು ಸತ್ತಿಲ್ಲ

ನಮ್ಮ ದೇಹದ ರಕ್ಷಣೆಗೆಂದೇ ಇರುವ ಬಿಳಿರಕ್ತಕಣಗಳಲ್ಲಿ ಒಂದು ಬಗೆಯವು, ಟಿ ಕಣಗಳೆಂಬವು, ಸ್ವಂತ ಕೂದಲಿನ ಬುಡವನ್ನೇ ಶತ್ರುವೆಂದು ತಪ್ಪಾಗಿ ಭಾವಿಸಿ ಮುತ್ತುತ್ತವೆ. ಥೈರಾಯ್ಡ್‌ನ ಕೆಲವು ತೊಂದರೆಗಳು ಮತ್ತು ತೊನ್ನು ಕೂಡ ಇದೇ ಜಾತಿಯವು. ಆದ್ದರಿಂದ ಈ ರೋಗಿಗಳಲ್ಲಿ ಕೆಲವರಿಗೆ ಅವೂ ಇರುವುದುಂಟು.

ಒಂದು ಸಮಾಧಾನವಿದೆ. ಈ ಮುತ್ತಿಗೆಯಲ್ಲಿ ರೋಮಕೂಪ ನಾಶವಾಗುವುದಿಲ್ಲ, ಕೆಲಸ ನಿಲ್ಲಿಸಿ ಮಲಗುತ್ತದೆ. ಆದ್ದರಿಂದಲೇ ವರ್ಷಗಳ ನಂತರವೂ ಕೂದಲು ಮರಳುವ ಸಾಧ್ಯತೆ ಉಳಿದಿರುತ್ತದೆ. ಮರಳುವ ಕೂದಲು ಮೊದಲು ಬೆಳ್ಳಗೆ ನಯವಾಗಿದ್ದು, ಆಮೇಲೆ ಕಪ್ಪಾಗುವುದು ಸಾಮಾನ್ಯ.

ತಾನಾಗಿ ಬಂದ ಕೂದಲಿನ ಕೀರ್ತಿ ಯಾರಿಗೆ?

ಒಂದೆರಡು ಚಿಕ್ಕ ಮಚ್ಚೆಗಳಷ್ಟೇ ಇರುವವರಲ್ಲಿ ಅನೇಕರಿಗೆ ಒಂದು ವರ್ಷದೊಳಗೆ ಯಾವ ಔಷಧಿಯೂ ಇಲ್ಲದೆ ಕೂದಲು ಬೆಳೆಯುತ್ತದೆ. ಆ ಸಮಯದಲ್ಲಿ ಈರುಳ್ಳಿ ರಸ ಹಚ್ಚಿದ್ದರೆ ಈರುಳ್ಳಿಗೆ ಹೆಸರು, ಎಣ್ಣೆ ಹಚ್ಚಿದ್ದರೆ ಎಣ್ಣೆಗೆ ಹೆಸರು. ಬೆಳ್ಳುಳ್ಳಿ ಉಜ್ಜಿ ಚರ್ಮ ಸುಟ್ಟುಕೊಳ್ಳುವವರೂ ಉಂಟು. ಗುಲಗಂಜಿ ಬೀಜವಂತೂ ವಿಷ. ಮಕ್ಕಳಿರುವ ಮನೆಯಲ್ಲಿ ಅದನ್ನು ಅರೆದಿಡುವುದು ಅಪಾಯ.

ವೈದ್ಯರು ಬಹುಕಾಲದಿಂದ ಬಳಸುತ್ತಿರುವ ಚಿಕಿತ್ಸೆಗಳೂ ಇವೆ. ಚಿಕ್ಕ ಮಚ್ಚೆಗೆ ನಾಲ್ಕಾರು ವಾರಗಳಿಗೊಮ್ಮೆ ಸ್ಟಿರಾಯ್ಡ್ ಚುಚ್ಚುಮದ್ದು ಇಂದಿಗೂ ಒಳ್ಳೆಯ ಉಪಾಯ. ದೊಡ್ಡ ಮಚ್ಚೆಗಳಿಗೆ ಅಲರ್ಜಿ ತರಿಸುವ ರಾಸಾಯನಿಕವನ್ನು ಸ್ವಲ್ಪ ಸ್ವಲ್ಪವಾಗಿ ಲೇಪಿಸುವ ವಿಧಾನವಿದೆ. ಸ್ಟಿರಾಯ್ಡ್ ಮಾತ್ರೆಗಳಿಂದ ಕೂದಲು ಬರುವುದುಂಟು, ಆದರೆ ನಿಲ್ಲಿಸಿದ ಮೇಲೆ ಮತ್ತೆ ಉದುರುವುದೂ ಉಂಟು. ದೀರ್ಘಕಾಲ ತೆಗೆದುಕೊಂಡರೆ ಮೂಳೆ, ಸಕ್ಕರೆ, ರಕ್ತದೊತ್ತಡ ಎಲ್ಲಕ್ಕೂ ತೊಂದರೆ.

ತಾನಾಗಿ ವಾಸಿಯಾಗುವ ಗುಣವುಳ್ಳ ರೋಗದಲ್ಲಿ ಔಷಧಿಯ ನಿಜವಾದ ಶಕ್ತಿ ತಿಳಿಯುವುದು ಹೇಗೆ? ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ, ಒಂದು ಗುಂಪಿಗೆ ಔಷಧಿ, ಇನ್ನೊಂದಕ್ಕೆ ಅದೇ ರೂಪದ ಹುಸಿ ಮಾತ್ರೆ ಕೊಟ್ಟು ಹೋಲಿಸಬೇಕು. ಯಾರಿಗೆ ಯಾವುದು ಸಿಕ್ಕಿದೆ ಎಂಬುದು ರೋಗಿಗೂ ಗೊತ್ತಿರಬಾರದು, ಪರೀಕ್ಷಿಸುವ ವೈದ್ಯರಿಗೂ ಗೊತ್ತಿರಬಾರದು.

ಹೊಸ ಮಾತ್ರೆಗಳು ಬಂದ ದಾರಿ

2014ರಲ್ಲಿ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದ ವಿಜ್ಞಾನಿಗಳು ಟಿ ಕಣಗಳು ಕೂದಲ ಬುಡವನ್ನು ಮುತ್ತುವಾಗ ಜ್ಯಾಕ್ ಎಂಬ ಕಿಣ್ವಗಳ ಮೂಲಕ ಸಂದೇಶ ಹರಿಯುತ್ತದೆಂದು ತೋರಿಸಿದರು. ಆ ತಂಡದ ಆಂಜೆಲಾ ಕ್ರಿಸ್ಟಿಯಾನೊ ಅವರಿಗೆ ಸ್ವತಃ ಈ ಕಾಯಿಲೆ ಇತ್ತು. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಮೈಮೇಲಿನ ಕೂದಲೆಲ್ಲ ಹೋಗಿದ್ದ 25 ವರ್ಷದ ಯುವಕನಿಗೆ ಕೀಲುವಾತಕ್ಕೆ ಕೊಡುವ ಟೊಫಾಸಿಟಿನಿಬ್ ಕೊಟ್ಟಾಗ ಎಂಟು ತಿಂಗಳಲ್ಲಿ ಕೂದಲು ಮರಳಿದ್ದನ್ನು ವರದಿ ಮಾಡಿದರು.

ಒಬ್ಬ ರೋಗಿಯ ಕಥೆ ಆಧಾರವಾಗದು. ಮುಂದೆ ಬಾರಿಸಿಟಿನಿಬ್ ಎಂಬ ಮಾತ್ರೆಯನ್ನು 1,200 ವಯಸ್ಕರ ಮೇಲೆ, ಎರಡು ಪ್ರಯೋಗಗಳಲ್ಲಿ ಪರೀಕ್ಷಿಸಿದರು. ಎಲ್ಲರಿಗೂ ತಲೆಯ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕೂದಲು ಹೋಗಿತ್ತು. 36 ವಾರಗಳ ನಂತರ ತಲೆಯ ಶೇ. 80ರಷ್ಟಾದರೂ ಕೂದಲು ತುಂಬಿದವರು ಎಷ್ಟು ಎಂದು ಎಣಿಸಿದರು. ದಿನಕ್ಕೆ 4 ಮಿಲಿಗ್ರಾಂ ತೆಗೆದುಕೊಂಡ ನೂರು ಜನರಲ್ಲಿ 36ರಿಂದ 39 ಮಂದಿ. 2 ಮಿಲಿಗ್ರಾಂ ತೆಗೆದುಕೊಂಡವರಲ್ಲಿ 19ರಿಂದ 23. ಹುಸಿ ಮಾತ್ರೆಯವರಲ್ಲಿ 3ರಿಂದ 6 ಮಾತ್ರ. ಈ ಆಧಾರದ ಮೇಲೆ 2022ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ವಯಸ್ಕರ ತೀವ್ರ ಕಾಯಿಲೆಗೆ ಅನುಮತಿ ನೀಡಿತು. ಈ ಕಾಯಿಲೆಗೆ ಅಲ್ಲಿ ಅನುಮತಿ ಪಡೆದ ಮೊದಲ ಮಾತ್ರೆ ಇದು. ಅನಂತರ 2023ರಲ್ಲಿ ರಿಟ್ಲೆಸಿಟಿನಿಬ್, 2024ರಲ್ಲಿ ಡ್ಯೂರುಕ್ಸೋಲಿಟಿನಿಬ್ ಬಂದವು.

ಈ ಅಂಕಿಗಳನ್ನು ಎರಡು ಕಡೆಯಿಂದಲೂ ಓದಬೇಕು. ಲಾಭ ಖಂಡಿತ ಇದೆ. ಹಾಗೆಯೇ ಎಂಟು ತಿಂಗಳು ಕ್ರಮವಾಗಿ ಮಾತ್ರೆ ನುಂಗಿದರೂ ಅರ್ಧಕ್ಕಿಂತ ಹೆಚ್ಚು ಜನ ಆ ಗುರಿ ಮುಟ್ಟಲಿಲ್ಲ. ಕೆಲವರಿಗೆ ವರ್ಷಕ್ಕೂ ಮೀರಿ ಕಾಯಬೇಕಾಯಿತು. ಇಡೀ ತಲೆ ಬೋಳಾದವರಲ್ಲಿ ಫಲ ಇನ್ನೂ ಕಡಿಮೆ.

ನಿಲ್ಲಿಸಿದರೆ?

ಈಗ ಕೊರವಂಗಲದ ಮನೆಯವರ ಪ್ರಶ್ನೆಗೆ ಬರೋಣ. ಮೇಲಿನ ಪ್ರಯೋಗಗಳಲ್ಲಿ ಒಂದರಲ್ಲಿ, ವರ್ಷದ ಕೊನೆಗೆ ಚೆನ್ನಾಗಿ ಕೂದಲು ಬಂದವರನ್ನು ಆರಿಸಿ, ಕೆಲವರಿಗೆ ಮಾತ್ರೆ ಮುಂದುವರಿಸಿದರು, ಕೆಲವರಿಗೆ ಗೊತ್ತಾಗದಂತೆ ಹುಸಿ ಮಾತ್ರೆ ಕೊಟ್ಟರು. ಸುಮಾರು ಎರಡು ವರ್ಷಗಳಲ್ಲಿ ಹುಸಿ ಮಾತ್ರೆಯವರ ಪೈಕಿ ನೂರಕ್ಕೆ ಸುಮಾರು 80 ಮಂದಿ ಬಂದ ಲಾಭವನ್ನು ಕಳೆದುಕೊಂಡರು. ಮುಂದುವರಿಸಿದವರಲ್ಲಿ ಹೀಗಾದದ್ದು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಮತ್ತೆ ಮಾತ್ರೆ ಶುರು ಮಾಡಿದಾಗ ಬಹುಪಾಲು ಜನರಿಗೆ ಕೂದಲು ಮರಳಿತು.

ಕೆರೆಯ ತೂಬನ್ನು ನೆನೆಯಿರಿ. ತೂಬು ಮುಚ್ಚಿದರೆ ಕಾಲುವೆಯಲ್ಲಿ ನೀರು ನಿಲ್ಲುತ್ತದೆ, ಕೆರೆ ಬತ್ತುವುದಿಲ್ಲ. ತೆರೆದರೆ ಮತ್ತೆ ಹರಿಯುತ್ತದೆ. ಈ ಮಾತ್ರೆ ಮಾಡುವುದೂ ಇಷ್ಟೇ. ಸಂದೇಶದ ಹಾದಿಯನ್ನು ಮುಚ್ಚುತ್ತದೆ, ರೋಗದ ಮೂಲವನ್ನು ಕೀಳುವುದಿಲ್ಲ. ಆದ್ದರಿಂದ ಇದನ್ನು ಜ್ವರದ ಮಾತ್ರೆಯ ಹಾಗೆ "ಕೋರ್ಸ್ ಮುಗಿಯಿತು" ಎಂದು ಬಿಡುವಂತಿಲ್ಲ. ರಕ್ತದೊತ್ತಡದ ಮಾತ್ರೆಯ ಹಾಗೆ ವರ್ಷಗಳ ಲೆಕ್ಕದಲ್ಲಿ ಯೋಚಿಸಬೇಕು. ಕೂದಲು ಚೆನ್ನಾಗಿ ಬಂದ ಮೇಲೆ ವೈದ್ಯರು ಪ್ರಮಾಣ ಇಳಿಸಿ ನೋಡಬಹುದು. ಕೆಲವರಲ್ಲಿ ಕೂದಲು ಉಳಿಯುತ್ತದೆ, ಕೆಲವರಲ್ಲಿ ಉದುರುತ್ತದೆ. ತಾನೇ ನಿರ್ಧರಿಸಿ ಒಮ್ಮೆಗೇ ನಿಲ್ಲಿಸುವುದು ತರವಲ್ಲ.

ಮಾತ್ರೆಗೆ ಮುನ್ನ ಕೇಳಬೇಕಾದದ್ದು

ರಕ್ಷಣಾ ವ್ಯವಸ್ಥೆಯ ಒಂದು ಭಾಗವನ್ನು ತಗ್ಗಿಸುವ ಔಷಧಿ ಇದು. ಹಾಗಾಗಿ ಕೆಳಗಿನ ಅಂಶಗಳನ್ನು ಮನೆಮಂದಿಯೂ ತಿಳಿದಿರಬೇಕು.

1. ಕ್ಷಯ: ನಮ್ಮಲ್ಲಿ ಅನೇಕರ ದೇಹದಲ್ಲಿ ಕ್ಷಯದ ಕ್ರಿಮಿ ಸದ್ದಿಲ್ಲದೆ ಅಡಗಿರುತ್ತದೆ. ಈ ಮಾತ್ರೆಯಿಂದ ಅದು ಎದ್ದೇಳಬಹುದು. ಮನೆಯಲ್ಲಿ ಯಾರಿಗಾದರೂ ಕ್ಷಯವಾಗಿದ್ದರೆ ಮುಚ್ಚಿಡದೆ ಹೇಳಿ. ಎದೆಯ ಎಕ್ಸ್‌ರೇ ಮತ್ತು ಕ್ಷಯದ ಪರೀಕ್ಷೆ, ಕಾಮಾಲೆಯ ಬಿ ಮತ್ತು ಸಿ ವೈರಸ್ ಪರೀಕ್ಷೆ ಮೊದಲೇ ಆಗಬೇಕು.

2. ರಕ್ತ ಪರೀಕ್ಷೆ: ರಕ್ತಕಣ, ಯಕೃತ್ತು, ಮೂತ್ರಪಿಂಡ, ಕೊಲೆಸ್ಟರಾಲ್ ಇವುಗಳನ್ನು ಆರಂಭದಲ್ಲೂ ಅನಂತರ ನಿಯತವಾಗಿಯೂ ನೋಡಬೇಕು. ಮೊಡವೆ, ನೆಗಡಿ, ತಲೆನೋವು ಸಾಮಾನ್ಯ ತೊಂದರೆಗಳು. ಸರ್ಪಸುತ್ತು ಬರಬಹುದು.

3. ಹೃದಯ ಮತ್ತು ರಕ್ತ ಹೆಪ್ಪುಗಟ್ಟುವಿಕೆ: ಕೀಲುವಾತವಿದ್ದ, ಐವತ್ತು ದಾಟಿದ, ಹೃದಯದ ಅಪಾಯವೂ ಇದ್ದ ರೋಗಿಗಳಲ್ಲಿ ಟೊಫಾಸಿಟಿನಿಬ್‌ನಿಂದ ಹೃದಯಾಘಾತ, ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಕಂಡುಬಂದವು. ಆದ್ದರಿಂದ ಈ ಜಾತಿಯ ಮಾತ್ರೆಗಳ ಮೇಲೆ ಗಂಭೀರ ಎಚ್ಚರಿಕೆ ಮುದ್ರಿತವಾಗಿದೆ. ಕೂದಲಿನ ಪ್ರಯೋಗಗಳಲ್ಲಿ ಇವು ವಿರಳ. ಆದರೂ ಬೀಡಿ ಸಿಗರೇಟು ಸೇದುವವರು, ಮೊದಲೇ ರಕ್ತ ಹೆಪ್ಪುಗಟ್ಟಿದ್ದವರು ಅದನ್ನು ವೈದ್ಯರಿಗೆ ಹೇಳಲೇಬೇಕು.

4. ಮದುವೆ, ಮಗು: ಗರ್ಭಿಣಿಯರಿಗೆ, ಎದೆಹಾಲುಣಿಸುವ ತಾಯಂದಿರಿಗೆ ಇದು ಸಲ್ಲದು. ಮಗು ಬೇಕೆನ್ನುವವರು ಯಾವಾಗ ನಿಲ್ಲಿಸಬೇಕು, ನಿಲ್ಲಿಸಿದಾಗ ಕೂದಲು ಉದುರಿದರೆ ಏನು ಮಾಡಬೇಕು ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು.

5. ಖರ್ಚು: ಬಾರಿಸಿಟಿನಿಬ್ ಮತ್ತು ಟೊಫಾಸಿಟಿನಿಬ್‌ಗಳನ್ನು ಭಾರತೀಯ ಕಂಪನಿಗಳೂ ತಯಾರಿಸುತ್ತವೆ. ಬೆಲೆಯಲ್ಲಿ ವ್ಯತ್ಯಾಸವಿದೆ. ಒಂದು ತಿಂಗಳ ಮಾತ್ರೆ ಮತ್ತು ಪರೀಕ್ಷೆಯ ಖರ್ಚನ್ನು ಇಪ್ಪತ್ನಾಲ್ಕರಿಂದ ಗುಣಿಸಿ ನೋಡಿ. ಅಷ್ಟು ಭರಿಸಲಾಗದಿದ್ದರೆ ಆರಂಭದಲ್ಲೇ ಹೇಳಿ. ಸಾಲ ಮಾಡಿ ಶುರು ಮಾಡಿ, ಕೂದಲು ಬಂದ ಮೇಲೆ ಕೈಬಿಡುವ ನೋವು ದೊಡ್ಡದು.

ಔಷಧಿ ಅಂಗಡಿಯಲ್ಲಿ ಹೆಸರು ಹೇಳಿ ತಂದು ನುಂಗುವ ಮಾತ್ರೆ ಇದಲ್ಲ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಾಗಲಿ ಬೇರೆಡೆಯಾಗಲಿ ಚರ್ಮತಜ್ಞರನ್ನೇ ಕಾಣಬೇಕು. ಮಚ್ಚೆಗಳ ಫೋಟೊವನ್ನು ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ ತೆಗೆದಿಟ್ಟುಕೊಂಡರೆ ಸುಧಾರಣೆ ಇದೆಯೇ ಇಲ್ಲವೇ ಎಂಬುದು ಊಹೆಗೆ ಉಳಿಯುವುದಿಲ್ಲ.

ಮಾತ್ರೆ ಬೇಡ ಎನ್ನುವುದೂ ಒಂದು ಸರಿಯಾದ ತೀರ್ಮಾನವೇ. ಈ ಕಾಯಿಲೆಯಿಂದ ಪ್ರಾಣಕ್ಕೆ ಅಪಾಯವಿಲ್ಲ. ಒಳ್ಳೆಯ ವಿಗ್, ತಲೆಗೆ ಸೆರಗು, ಹುಬ್ಬಿಗೆ ಪೆನ್ಸಿಲ್ ಇವುಗಳಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಮನಸ್ಸು ಕುಗ್ಗಿ, ಊಟ ನಿದ್ದೆ ಬಿಟ್ಟವರಿಗೆ ಮನೋವೈದ್ಯರ ನೆರವು ಕೂದಲಿನ ಚಿಕಿತ್ಸೆಯಷ್ಟೇ ಅಗತ್ಯ.

ಕೊರವಂಗಲದ ಆ ಹೆಣ್ಣುಮಗಳಿಗೆ ವೈದ್ಯರು ಹೇಳಬೇಕಾದ ಮಾತು ಇಷ್ಟು: "ಕೂದಲು ಬರುವ ಸಾಧ್ಯತೆ ಇದೆ ತಾಯಿ, ಖಾತರಿ ಇಲ್ಲ. ಬಂದರೆ ಉಳಿಸಿಕೊಳ್ಳಲು ವರ್ಷಗಟ್ಟಲೆ ಮಾತ್ರೆ ಬೇಕಾಗಬಹುದು. ನಿಮ್ಮ ಮದುವೆ, ಮಗು, ದುಡ್ಡು, ಕ್ಷಯದ ಪರೀಕ್ಷೆ ಎಲ್ಲವನ್ನೂ ಎದುರಿಗಿಟ್ಟುಕೊಂಡು ತೀರ್ಮಾನಿಸೋಣ." ಮದುವೆ ಮನೆಯಲ್ಲಿ ಪ್ರಶ್ನೆ ಕೇಳುವ ನಾವೂ ಒಂದಿಷ್ಟು ಬಾಯಿ ಬಿಗಿಹಿಡಿದರೆ ಆಕೆಯ ಚಿಕಿತ್ಸೆಯ ಅರ್ಧ ಭಾರ ಇಳಿದಂತೆ.