ಪ್ಯಾಕಿಟೀನ್ ಪಕ್ಕಾ ಆಗಬೇಕೆ? ಗಡಿನಾಡಿನ ಬೈಪಿಸಿ ವಿದ್ಯಾರ್ಥಿಗಳಿಗೆ ಎಂಟು ಸೂತ್ರಗಳು

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷ್. ಬಾಟನಿ ಪುಸ್ತಕದಲ್ಲಿ 'ಪ್ಯಾಕಿಟೀನ್' ಎದುರಾದ ಕೂಡಲೇ 'ಇದು ನನ್ನ ಕೈಲಾಗದು' ಅನ್ನಿಸುತ್ತದೆಯೇ? ಹಾಗನ್ನಿಸುವುದು ಒಂದು ಅಭ್ಯಾಸ, ಅಷ್ಟೇ. ಅದನ್ನು ಬಿಡಿಸಿಕೊಳ್ಳಬಹುದು. ಇವತ್ತೇ ಶುರು ಮಾಡಿ.

1. ಹೆಸರಿಗೆ ಅಂಜಬೇಡಿ.
ಪ್ಯಾಕಿಟೀನ್ ಗ್ರೀಕ್ ಮೂಲದ ಪದ. ಹೈದರಾಬಾದಿನ ಇಂಗ್ಲಿಷ್ ಮೀಡಿಯಂ ವಿದ್ಯಾರ್ಥಿಗೂ ಅದು ಹೊಸದೇ. ಇಲ್ಲಿ ನೀವು ಯಾರಿಗಿಂತಲೂ ಹಿಂದಿಲ್ಲ.

2. ಮೊದಲು ಅದರ ಜಾಗ ಗುರುತಿಸಿ.
ಪದವೊಂದನ್ನೇ ಉರು ಹೊಡೆಯಬೇಡಿ. ಕೋಶ ವಿಭಜನೆಯಲ್ಲಿ ಮಿಯಾಸಿಸ್, ಅದರ ಮೊದಲ ಭಾಗದಲ್ಲಿ ಪ್ರೊಫೇಸ್ 1, ಅದರೊಳಗೆ ಐದು ಹಂತ: ಲೆಪ್ಟೊಟೀನ್, ಝೈಗೊಟೀನ್, ಪ್ಯಾಕಿಟೀನ್, ಡಿಪ್ಲೊಟೀನ್, ಡಯಾಕೈನೆಸಿಸ್. ಪ್ಯಾಕಿಟೀನ್ ನಟ್ಟನಡುವಿನದು. ಹಿಂದು ಮುಂದು ಗೊತ್ತಿದ್ದರೆ ನಡುವಿನದು ತಪ್ಪುವುದಿಲ್ಲ.

3. ಒಂದು ಹಂತಕ್ಕೆ ಒಂದೇ ಕೆಲಸ ಬರೆಯಿರಿ.
ಲೆಪ್ಟೊಟೀನ್: ವರ್ಣತಂತುಗಳು ತೆಳ್ಳಗೆ ಕಾಣತೊಡಗುತ್ತವೆ. ಝೈಗೊಟೀನ್: ಸಮರೂಪಿ ವರ್ಣತಂತುಗಳು ಜೋಡಿಯಾಗುತ್ತವೆ. ಪ್ಯಾಕಿಟೀನ್: ಜೋಡಿಯಾದ ವರ್ಣತಂತುಗಳು ತಮ್ಮೊಳಗೆ ತುಣುಕು ಬದಲಿಸಿಕೊಳ್ಳುತ್ತವೆ, ಇದೇ ಕ್ರಾಸಿಂಗ್ ಓವರ್. ಡಿಪ್ಲೊಟೀನ್: ಜೋಡಿಗಳು ಬಿಡತೊಡಗುತ್ತವೆ, ತುಣುಕು ಬದಲಾದ ಜಾಗಗಳು, ಅಂದರೆ ಕಯಾಸ್ಮಾಗಳು, ಕಾಣುತ್ತವೆ. ಡಯಾಕೈನೆಸಿಸ್: ನ್ಯೂಕ್ಲಿಯಸ್ಸಿನ ಪೊರೆ ಕರಗುತ್ತದೆ. ಐದು ಸಾಲು ಸಾಕು. ಚಿಕ್ಕದಾಗಿ ಬರೆದದ್ದು ಪರೀಕ್ಷಾ ಹಾಲಿನಲ್ಲಿ ಬೇಗ ನೆನಪಾಗುತ್ತದೆ.

4. ಹತ್ತಿ ಹೊಲದಲ್ಲಿ ಕಲಿಯಿರಿ.
ಗದ್ವಾಲ ಸೀಮೆ ಹೈಬ್ರಿಡ್ ಹತ್ತಿ ಬೀಜೋತ್ಪಾದನೆಗೆ ಹೆಸರಾದದ್ದು. ಸಂಜೆ ಮೊಗ್ಗಿನ ಪರಾಗಕೋಶ ತೆಗೆದು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸುವ ಕೆಲಸವನ್ನು ಹತ್ತಿರ ನಿಂತು ನೋಡಿ. ಆ ಪರಾಗ ಹುಟ್ಟುವುದೇ ಮಿಯಾಸಿಸ್‌ನಿಂದ. ಅಮೆರಿಕನ್ ಹತ್ತಿಯ ಕೋಶದಲ್ಲಿ 52 ವರ್ಣತಂತುಗಳಿವೆ. ಪ್ಯಾಕಿಟೀನ್‌ನಲ್ಲಿ ಅವು 26 ಜೋಡಿ. ಮಿಯಾಸಿಸ್ ಮುಗಿದ ಮೇಲೆ ಪರಾಗದ ಪಾಲಿಗೆ 26. ಕಣ್ಣಾರೆ ಕಂಡ ಗಿಡದ ಲೆಕ್ಕ ಮರೆಯುವುದಿಲ್ಲ.

5. ಒಂದೇ ಥರ ಕೇಳಿಸುವ ಮಾತುಗಳನ್ನು ಬೇರೆ ಮಾಡಿ.
ಹೊಲದ 'ಕ್ರಾಸಿಂಗ್' ನಡೆಯುವುದು ಎರಡು ಗಿಡಗಳ ನಡುವೆ, ಮನುಷ್ಯರ ಕೈಯಿಂದ. 'ಕ್ರಾಸಿಂಗ್ ಓವರ್' ನಡೆಯುವುದು ಒಂದೇ ಕೋಶದೊಳಗೆ, ಸಮರೂಪಿ ವರ್ಣತಂತುಗಳ ನಾನ್-ಸಿಸ್ಟರ್ ಕ್ರೊಮ್ಯಾಟಿಡ್‌ಗಳ ನಡುವೆ, ರಿಕಾಂಬಿನೇಸ್ ಕಿಣ್ವದ ನೆರವಿನಿಂದ. ಅದೂ ಎಳೆ ಮೊಗ್ಗಿನಲ್ಲಿಯೇ. ಹೂವು ಅರಳುವ ಹೊತ್ತಿಗೆ ಅದು ಮುಗಿದ ಕೆಲಸ. ಇಂಥ ಗೊಂದಲದಲ್ಲೇ ಅಂಕ ಕಳೆದುಹೋಗುತ್ತದೆ. ಇವತ್ತೇ ಬಗೆಹರಿಸಿಕೊಳ್ಳಿ.

6. 'ಯಾಕೆ' ಎಂದು ಕೇಳಿ.
ಹೈಬ್ರಿಡ್ ಹತ್ತಿಯ ಬೀಜವನ್ನೇ ಎತ್ತಿಟ್ಟು ಮರುವರ್ಷ ಬಿತ್ತಿದರೆ ಬೆಳೆ ಒಂದೇ ಸಮ ಬರುವುದಿಲ್ಲ. ಹೈಬ್ರಿಡ್ ಗಿಡದ ಮಿಯಾಸಿಸ್‌ನಲ್ಲಿ ವರ್ಣತಂತುಗಳು ತುಣುಕು ಬದಲಿಸಿಕೊಂಡು ಬೇರೆ ಬೇರೆ ರೀತಿಯಲ್ಲಿ ಹಂಚಿಹೋಗುತ್ತವೆ. ಅದಕ್ಕೇ ರೈತರು ವರ್ಷ ವರ್ಷವೂ ಹೊಸ ಬೀಜ ಕೊಳ್ಳುತ್ತಾರೆ. ಇಷ್ಟು ತಿಳಿದವರಿಗೆ ಪ್ಯಾಕಿಟೀನ್ ಬರೀ ಸಿಲಬಸ್ ಅಲ್ಲ, ಊರಿನ ದುಡಿಮೆಯ ವಿಜ್ಞಾನ.

7. ಕನ್ನಡದಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಬರೆಯಿರಿ.
ರಾತ್ರಿ ಊಟವಾದ ಮೇಲೆ ಅವ್ವನಿಗೋ ತಮ್ಮನಿಗೋ ಐದೂ ಹಂತ ವಿವರಿಸಿ. ಎಲ್ಲಿ ತಡವರಿಸುತ್ತೀರೋ ಅಲ್ಲೇ ನಿಮ್ಮ ಓದು ಸಡಿಲವಾಗಿದೆ. ಆ ಪುಟ ಮತ್ತೆ ತೆಗೆಯಿರಿ. ಅರ್ಥ ಮನೆಮಾತಿನಲ್ಲಿ ಕುದುರಿದರೆ ಉತ್ತರ ಯಾವ ಭಾಷೆಯಲ್ಲಾದರೂ ಬರುತ್ತದೆ.

8. ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ.
ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವೇ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಅಂದಾಜಿನ ಓದಿಗೆ ಇಲ್ಲಿ ಬೆಲೆ ತೆರಬೇಕಾಗುತ್ತದೆ, ಖಚಿತವಾಗಿ ಓದಿ.

ಜಾಗ, ಕೆಲಸ, ಕಾರಣ: ಯಾವುದೇ ಕಠಿಣ ಪದಕ್ಕೆ ಈ ಮೂರು ಪ್ರಶ್ನೆ ಹಾಕಿ. ಪ್ಯಾಕಿಟೀನ್ ಇವತ್ತು ಮುಗಿಸಿ. ನಾಳೆ ಮೆಟಾಫೇಸ್ ಹಿಡಿಯಿರಿ, ನಾಡಿದ್ದು ಅನಾಫೇಸ್. ಡಾಕ್ಟರೋ ಕೃಷಿ ವಿಜ್ಞಾನಿಯೋ ಆಗುವ ದಾರಿ ಹೀಗೆ ದಿನಕ್ಕೊಂದು ಪದದಿಂದಲೇ ಸಾಗುತ್ತದೆ.