ಜಲಜನಕ: ಅಂಜಿಕೆ ಮತ್ತು ಎಚ್ಚರಿಕೆ

ಮೈಸೂರಿನ ಯಾದವಗಿರಿಯಲ್ಲಿ ಆಕಾಶವಾಣಿ ನಿಲಯದ ಸುತ್ತಲಿನ ಮನೆಗಳ ಅಡುಗೆಮನೆಯನ್ನು ಹೊಕ್ಕರೆ ಅನಿಲದ ಒಲೆ ಕಾಣುತ್ತದೆ. ಥಟ್ಟನೆ ಹೊತ್ತಿಕೊಳ್ಳುವ ಇಂಧನವು ಉಕ್ಕಿನ ಸಿಲಿಂಡರಿನಲ್ಲಿ ಮನೆಯೊಳಗೇ ಇದ್ದರೂ ಯಾರೂ ಅದಕ್ಕೆ ಅಂಜುವುದಿಲ್ಲ. ಈ ಧೈರ್ಯಕ್ಕೆ ಕಾರಣವುಂಟು. ಅಡುಗೆ ಅನಿಲಕ್ಕೆ ಸಹಜವಾಗಿ ವಾಸನೆಯಿಲ್ಲ. ಸೋರಿದೊಡನೆ ತಿಳಿಯಲೆಂದು ದುರ್ಗಂಧದ ವಸ್ತುವನ್ನು ಅದಕ್ಕೆ ಬೆರೆಸುತ್ತಾರೆ. ಅದು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಡುತ್ತದೆಂಬುದೂ, ವಾಸನೆ ಬಂದಾಗ ವಿದ್ಯುತ್ ಸ್ವಿಚ್ಚನ್ನು ಮುಟ್ಟದೆ ಬಾಗಿಲು ಕಿಟಕಿಗಳನ್ನು ತೆರೆಯಬೇಕೆಂಬುದೂ ಮನೆಯವರಿಗೆ ತಿಳಿದಿದೆ.

ಇನ್ನು ಜಲಜನಕದ ಸರದಿ. ಭಾರತ ಸರ್ಕಾರವು 2023ರ ಜನವರಿಯಲ್ಲಿ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆಯಿತ್ತಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ದಾಸಪ್ಪನವರ ತಂಡವು, ಸಸ್ಯಜನ್ಯ ಪದಾರ್ಥವನ್ನು ಆಮ್ಲಜನಕ ಮತ್ತು ನೀರಾವಿಯೊಡನೆ ಕಾಯಿಸಿ, 1 ಕಿಲೋಗ್ರಾಂ ಪದಾರ್ಥದಿಂದ 100 ಗ್ರಾಂ ಜಲಜನಕವನ್ನು ಪಡೆಯುವ ವಿಧಾನವನ್ನು ರೂಪಿಸಿದೆ. ಜಲಜನಕದಿಂದ ವಿದ್ಯುತ್ತನ್ನು ಉತ್ಪಾದಿಸುವ ಇಂಧನಕೋಶವು ಹೊಗೆಯುಗುಳದೆ ನೀರನ್ನಷ್ಟೇ ಹೊರಬಿಡುತ್ತದೆ. ಹೀಗಿದ್ದರೂ ಜನರು ಈ ಇಂಧನವನ್ನು ಸಂಶಯದಿಂದ ನೋಡುವುದೇಕೆ?

1937ರ ಮೇ 6ರಂದು ಜರ್ಮನಿಯ ಹಿಂಡೆನ್‌ಬರ್ಗ್ ಎಂಬ ವಾಯುನೌಕೆಯು ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಇಳಿಯುವಾಗ ಹೊತ್ತಿ ಉರಿಯಿತು. ಅದರಲ್ಲಿ ತುಂಬಿದ್ದುದು ಜಲಜನಕ. 36 ಜನ ಮಡಿದರು. ಚಲನಚಿತ್ರದಲ್ಲಿ ಸೆರೆಯಾದ ಆ ಜ್ವಾಲೆಯನ್ನು ಲೋಕ ಇನ್ನೂ ಮರೆತಿಲ್ಲ. ನೌಕೆಯಲ್ಲಿದ್ದ 97 ಜನರಲ್ಲಿ 62 ಜನ ಬದುಕಿ ಉಳಿದರೆಂಬುದನ್ನು ಮಾತ್ರ ಹೆಚ್ಚಿನವರು ಅರಿಯರು!

ಅಂಜಿಕೆಯು ನಿರಾಧಾರವೆಂದೂ ಹೇಳಲಾಗದು. ಪ್ರಯೋಗಶಾಲೆಯಲ್ಲಿ ಸತುವಿನ ಚೂರುಗಳ ಮೇಲೆ ಸಾರರಿಕ್ತ ಆಮ್ಲವನ್ನು ಸುರಿದು, ಹೊರಬಂದ ಅನಿಲಕ್ಕೆ ಉರಿಯುವ ಕಡ್ಡಿಯನ್ನು ಹಿಡಿದಾಗ ಟಪ್ಪೆಂಬ ಸದ್ದನ್ನು ನೀವು ಕೇಳಿರಬಹುದು. ಗಾಳಿಯಲ್ಲಿ ನೂರಕ್ಕೆ 4ರಿಂದ 75 ಭಾಗದವರೆಗೆ ಜಲಜನಕವು ಬೆರೆತಿದ್ದರೆ ಸಣ್ಣ ಕಿಡಿಯೊಂದು ಸಾಕು. ಹಗಲಿನಲ್ಲಿ ಅದರ ಜ್ವಾಲೆ ಕಾಣುವುದಿಲ್ಲವೆಂದೇ ಹೇಳಬೇಕು. ವಾಸನೆಯ ವಸ್ತುವನ್ನು ಬೆರೆಸೋಣವೆಂದರೆ ಅದರಲ್ಲಿನ ಗಂಧಕವು ಇಂಧನಕೋಶವನ್ನು ಕೆಡಿಸುತ್ತದೆ. ಆದರೆ ಜಲಜನಕವು ಗಾಳಿಗಿಂತ ಸುಮಾರು 14 ಪಟ್ಟು ಹಗುರ. ಬಯಲಿನಲ್ಲಿ ಸೋರಿದರೆ ಬಹುಬೇಗ ಮೇಲೇರಿ ಚದುರಿಹೋಗುತ್ತದೆ. ಆದುದರಿಂದ ಅಡುಗೆ ಅನಿಲದ ಸೋರಿಕೆಯನ್ನು ಗುರುತಿಸುವ ಉಪಕರಣವು ನೆಲದ ಬಳಿ ಇರಬೇಕಾದರೆ, ಜಲಜನಕಕ್ಕಾಗಿ ಇಡುವ ಉಪಕರಣವು ಚಾವಣಿಯ ಅಡಿಯಲ್ಲಿರಬೇಕು; ಅನಿಲ ಹೊರಹೋಗಲು ಅಲ್ಲಿಯೇ ಕಿಂಡಿಯೂ ಬೇಕು.

2019ರ ಜೂನ್ 10ರಂದು ನಾರ್ವೆಯ ಓಸ್ಲೋ ನಗರದ ಹತ್ತಿರ ಜಲಜನಕ ತುಂಬುವ ಕೇಂದ್ರವೊಂದರಲ್ಲಿ ಸ್ಫೋಟವಾಯಿತು. ಅಧಿಕ ಒತ್ತಡದ ತೊಟ್ಟಿಯ ಬೋಲ್ಟುಗಳನ್ನು ಸರಿಯಾಗಿ ಬಿಗಿಯದಿದ್ದುದೇ ಕಾರಣವೆಂದು ತನಿಖೆಯಿಂದ ತಿಳಿಯಿತು. ಯಾರೂ ಸಾಯಲಿಲ್ಲ. ಆದರೂ ಇತರ ಕೇಂದ್ರಗಳು ಮುಚ್ಚಿದವು. ಮೋಟಾರು ಕಂಪನಿಗಳು ಆ ದೇಶದಲ್ಲಿ ಜಲಜನಕದ ಕಾರುಗಳ ಮಾರಾಟವನ್ನು ಕೆಲಕಾಲ ನಿಲ್ಲಿಸಿದವು. ಕೆಲವು ಬೋಲ್ಟುಗಳ ಸಡಿಲಿಕೆಯು ಒಂದು ನಾಡಿನ ನಂಬಿಕೆಯನ್ನೇ ಸಡಿಲಿಸಿತ್ತು.

ನಮ್ಮ ದೇಶದಲ್ಲಿ ಇಂಥ ಅನಿಲವನ್ನು ಒತ್ತಡದಲ್ಲಿ ಕೂಡಿಡಲು, ನಾಗಪುರದಲ್ಲಿ ಕೇಂದ್ರ ಕಛೇರಿಯುಳ್ಳ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಅನುಮತಿ ಬೇಕು. ಆದರೆ ಅನುಮತಿಪತ್ರವೊಂದೇ ನೆರೆಹೊರೆಯವರ ನಂಬಿಕೆಯನ್ನು ಗಳಿಸಿಕೊಡಲಾರದು. ನಾಳೆ ಯಾದವಗಿರಿಯಲ್ಲಿ ಅಂಥ ಕೇಂದ್ರವನ್ನು ತೆರೆಯುವುದಾದರೆ, ಬೋಲ್ಟುಗಳನ್ನು ಯಾರು, ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸುತ್ತಾರೆ, ಅನಿಲ ಸೋರಿದಾಗ ಎಚ್ಚರಿಕೆಯ ಗಂಟೆ ಎಲ್ಲಿ ಮೊಳಗುತ್ತದೆ ಎಂದು ಪಕ್ಕದ ಮನೆಯವರು ಕೇಳುವರು. ಆ ಪ್ರಶ್ನೆಗಳಿಗೆ ಉತ್ತರವು ಕೇಂದ್ರದ ಅಡಿಪಾಯ ಹಾಕುವ ಮೊದಲೇ ಅವರಿಗೆ ದೊರೆಯಬೇಕು.