ಕಂಪ್ರೆಸರ್ ಗಾಳಿಗೂ ಡ್ರೈಯರ್ ಬೇಕು: ಆರಿಸುವ ಕ್ರಮ



ಡ್ರೈಯರ್ ಎಂದೊಡನೆ ನಮಗೆ ಅಡಿಕೆ, ಕಾಫಿ ಒಣಗಿಸುವ ಯಂತ್ರವೇ ನೆನಪಾಗುತ್ತದೆ. ಇಲ್ಲಿ ಹೇಳಹೊರಟಿರುವುದು ಗಾಳಿಯನ್ನೇ ಒಣಗಿಸುವ ಡ್ರೈಯರಿನ ವಿಷಯ. ಕಲರ್ ಸಾರ್ಟರ್ ಯಂತ್ರವು ಕಪ್ಪು ಬೀಜವನ್ನು ಹೊರಕ್ಕೆ ಊದುವುದು ಕಂಪ್ರೆಸರಿನ ಗಾಳಿಯಿಂದ. ಆ ಗಾಳಿಯಲ್ಲಿ ನೀರಿದ್ದರೆ ವಾಲ್ವು ಕೆಡುತ್ತದೆ, ನಾಜಲಿನಲ್ಲಿ ಧೂಳು ಕೆಸರಾಗಿ ಕಟ್ಟುತ್ತದೆ, ಕಪ್ಪು ಬೀಜ ಒಳ್ಳೆಯದರೊಡನೆ ಮೂಟೆ ಸೇರುತ್ತದೆ. ಪೆಟ್ಟು ಬೀಳುವುದು ನಮ್ಮ ಬೆಲೆಗೆ.

ನೀರು ಎಲ್ಲಿಂದ ಬರುತ್ತದೆ? 30 ಡಿಗ್ರಿ ಶಾಖ, ಶೇಕಡಾ 80 ಆರ್ದ್ರತೆ ಇರುವ ದಿನ 1 ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ಆವಿ ಇರುತ್ತದೆ. ನಿಮಿಷಕ್ಕೆ 1 ಘನ ಮೀಟರ್, ಅಂದರೆ ಸುಮಾರು 35 ಸಿ.ಎಫ್.ಎಂ. ಗಾಳಿ ಎಳೆಯುವ ಕಂಪ್ರೆಸರು ಗಂಟೆಗೆ 1.4 ಲೀಟರ್ ನೀರನ್ನು ಒಳಗೆಳೆದಂತಾಯಿತು. 7 ಬಾರ್ ಒತ್ತಡಕ್ಕೇರಿಸಿ 35 ಡಿಗ್ರಿಗೆ ತಣಿಸಿದರೆ 1.1 ಲೀಟರ್ ಟ್ಯಾಂಕಿನಲ್ಲೇ ಇಳಿಯುತ್ತದೆ. ಉಳಿದ 300 ಮಿಲಿ ಲೀಟರ್ ಆವಿಯಾಗಿಯೇ ಮುಂದೆ ಹೋಗಿ, ಪೈಪು ತಣ್ಣಗಾದಲ್ಲಿ ನೀರಾಗುತ್ತದೆ. ರೆಫ್ರಿಜರೇಟೆಡ್ ಡ್ರೈಯರ್ ಗಾಳಿಯನ್ನು ಸುಮಾರು 3 ಡಿಗ್ರಿಗೆ ತಣಿಸಿ ಇದರ ಬಹುಪಾಲನ್ನು ಹಿಡಿಯುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ನಾವು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಕಂಪ್ರೆಸರು 35 ಸಿ.ಎಫ್.ಎಂ., ಡ್ರೈಯರೂ 35 ಇರಲಿ ಎಂದು ತಂದು, ಎರಡನ್ನೂ ಕಿಟಕಿಯಿಲ್ಲದ ಒಂದೇ ಕೋಣೆಯಲ್ಲಿಟ್ಟೆವು. ಮಧ್ಯಾಹ್ನದ ಹೊತ್ತಿಗೆ ನಾಜಲಿನಿಂದ ನೀರು ಹನಿಯಿತು. ದೋಷ ಯಂತ್ರದ್ದಲ್ಲ, ಆರಿಸಿದ ನಮ್ಮದು.

ಆದ್ದರಿಂದ ಗಮನಿಸಬೇಕಾದದ್ದು:

1. ಕ್ಯಾಟಲಾಗಿನ ಅಂಕಿ ಸಾಮಾನ್ಯವಾಗಿ ಒಳಬರುವ ಗಾಳಿ 35 ಡಿಗ್ರಿ, ಕೋಣೆ 25 ಡಿಗ್ರಿ, ಒತ್ತಡ 7 ಬಾರ್ ಇದ್ದಾಗಿನದು. ಒಳಬರುವ ಗಾಳಿ 45 ಡಿಗ್ರಿಯಾದರೆ ಅದು ಹೊತ್ತು ತರುವ ನೀರು ಸುಮಾರು 1.7 ಪಟ್ಟಾಗುತ್ತದೆ.

2. ಶಾಖ, ಒತ್ತಡಗಳಿಗೆ ತಕ್ಕ ಗುಣಕಗಳ ಪಟ್ಟಿ ಕ್ಯಾಟಲಾಗಿನಲ್ಲಿದೆಯೇ ಎಂದು ಕೇಳಿ. ಗುಣಕಗಳನ್ನು ಗುಣಿಸಿ 0.7 ಬಂದಿತೆನ್ನೋಣ, 35ನ್ನು 0.7ರಿಂದ ಭಾಗಿಸಿದರೆ 50. ಆಗ ಬೇಕಾದದ್ದು 50 ಸಿ.ಎಫ್.ಎಂ. ಡ್ರೈಯರು.

3. ಲೆಕ್ಕವನ್ನು ಮಳೆಗಾಲದ ಸರಾಸರಿಗಲ್ಲ, ಕಂಪ್ರೆಸರ್ ಕೋಣೆಯ ಅತಿ ಬಿಸಿ ಹೊತ್ತಿಗೆ ಹಾಕಿ. ಗಾಳಿಯಾಡುವ ಜಾಗದಲ್ಲಿಡಿ.

4. ಡ್ರೈಯರಿನ ಮುಂದೆ ಫಿಲ್ಟರ್ ಇರಲಿ. ನೀರು ಹೊರಹೋಗುವ ಡ್ರೈನನ್ನು ದಿನವೂ ನೋಡಿ. ಅದು ಕಟ್ಟಿದರೆ ಹಿಡಿದ ನೀರು ಮತ್ತೆ ಗಾಳಿಯೊಡನೆ ಹೊರಡುತ್ತದೆ.

ಸಾರ್ಟರ್ ಕೊಳ್ಳುವ ಯೋಚನೆಯಲ್ಲಿರುವ ಸದಸ್ಯರು ಮುಂಗಡ ಕೊಡುವ ಮೊದಲು ಕೊಟೇಶನ್ನನ್ನು ಸಂಘದ ಕಚೇರಿಗೆ ತರಬೇಕಾಗಿ ವಿನಂತಿ. ಕೂಡಿ ಕುಳಿತು ಲೆಕ್ಕ ಹಾಕೋಣ.

– ಕಾರ್ಯದರ್ಶಿ